ಗಜನಿಯ ಕಟ್ಟೆಗೆ ಗುಡ್ಡದ ಮಣ್ಣು

ನಮ್ಮದೊಂದು ನಿಧಿ ಹುಡುಕುವ ಗುಂಪು. ನಿಧಿಯೆಂದರೆ ಚಿನ್ನವಲ್ಲ, ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಗೋಲಿಯೋ ಕೀಚೈನೋ. ಒಬ್ಬರು ಅಡಗಿಸಿಟ್ಟು ಫೋನಿನಲ್ಲಿ ಸುಳಿವು ಹಾಕುತ್ತಾರೆ, ಉಳಿದವರು ಭಾನುವಾರ ಹುಡುಕುತ್ತಾರೆ. ಸುಳಿವೆಲ್ಲ ಮಣ್ಣಿನದೇ. ಭಟ್ಕಳದ ಗುಡ್ಡದ ಹರಳು ಹರಳಾದ ಕೆಂಪು ಮಣ್ಣು, ಕಾಸರಕೋಡಿನ ಮರಳು, ಹೀಗೆ ಬೆರಳಲ್ಲಿ ತಿಕ್ಕಿ ಗುರುತಿಸಬೇಕು. ಅಗೆಯಬಾರದು ಎಂಬುದೊಂದೇ ನಿಯಮ. ಆ ಒಂದು ನಿಯಮವೂ ಇವರ ತಲೆಗೆ ಹೋಗಲಿಲ್ಲ.

ಕುಮಟಾ ಹತ್ತಿರದ ನಮ್ಮ ಗಜನಿ ಗದ್ದೆಯನ್ನು ಅಕ್ಕ ಮಾಡುತ್ತಾಳೆ. ಹೊಳೆಯ ಉಪ್ಪುನೀರು ಒಳಗೆ ನುಗ್ಗದಂತೆ ಸುತ್ತ ಮಣ್ಣಿನ ಕಟ್ಟೆ, ಒಳಗೆ ಕಗ್ಗ ಭತ್ತ. ಅಕ್ಕಪಕ್ಕದವರೆಲ್ಲ ಗದ್ದೆಯನ್ನು ಸಿಗಡಿಗೆ ಬಿಟ್ಟ ಮೇಲೂ ಹಟ ಹಿಡಿದು ಕಗ್ಗದ ಬೀಜ ಉಳಿಸಿಕೊಂಡು ಬಂದವಳು ಅವಳು. ಗುಂಪಿನವನೊಬ್ಬ ನನಗೊಂದು ಮಾತೂ ಹೇಳದೆ ಆ ಕಟ್ಟೆಯ ಹೊರಬದಿಯ ಕಲ್ಲಿನ ಸಂದಿಯಲ್ಲಿ ಡಬ್ಬಿಯಿಟ್ಟು, 'ಕಪ್ಪು, ಅಂಟು, ಉಪ್ಪು' ಎಂದು ಸುಳಿವು ಕೊಟ್ಟ. ಬಂದವರು ಸಂದಿ ನೋಡುವುದು ಬಿಟ್ಟು ಹಾರೆ ಹಾಕಿ ಕಟ್ಟೆಯನ್ನೇ ತೋಡಿದರು. ಡಬ್ಬಿ ಸಿಕ್ಕಿತು. ಹಲ್ಲು ಕಿರಿದು ಫೋಟೊ ತೆಗೆಸಿಕೊಂಡರು.

ಆ ಫೋಟೊ ನೋಡಿ ನಾನು ಫೋನಿನಲ್ಲೇ ಹರಿಹಾಯ್ದೆ. ಭತ್ತ ಹಾಲು ಕಟ್ಟುವ ಹೊತ್ತು ಅದು. ನಾವೇ ಮುಚ್ಚಿ ಕೊಡುತ್ತೇವೆ ಎಂದರು. ಅಕ್ಕ ಮಗಳ ಬಾಣಂತನಕ್ಕೆಂದು ಭಟ್ಕಳದಲ್ಲಿದ್ದಳು. ನನಗೆ ಹೊನ್ನಾವರದ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಮಣ್ಣು ಗುರುತಿಸುವುದೇ ಹವ್ಯಾಸವಾದವರಲ್ಲವೇ, ನಂಬಿದೆ.

ಮಾಡಿದ್ದೇನು? ಗುಡ್ಡದಿಂದ ಒಂದು ಪಿಕಪ್ ಕೆಂಪು ಮಣ್ಣು ತಂದು ಸುರಿದು ಹೋದರು! ಗಜನಿಯ ಕಟ್ಟೆಗೆ ಅಲ್ಲಿಯದೇ ಅಂಟು ಕೆಸರನ್ನು ಹೆಂಟೆ ಹೆಂಟೆಯಾಗಿ ಕಡಿದು, ತುಳಿದು ಕೂರಿಸಬೇಕು. ಗುಡ್ಡದ ಮಣ್ಣು ನೀರು ಕಂಡರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಕಾಲು ಕೆಸರಾಗುತ್ತದೆಂದು ಈ ಮಹಾರಾಯರು ಗದ್ದೆಗೆ ಇಳಿಯಲೇ ಇಲ್ಲ. ಅಮಾವಾಸ್ಯೆಯ ಭರತಕ್ಕೆ ಹೊಳೆ ಉಕ್ಕಿ ಆ ಮಣ್ಣು ಮುಕ್ಕಾಲುಪಾಲು ಕೊಚ್ಚಿಹೋಗಿ ಉಪ್ಪುನೀರು ಗದ್ದೆ ತುಂಬಿತು. ಇಳಿತದಲ್ಲೂ ಪೂರ್ತಿ ಇಳಿಯಲಿಲ್ಲ.

ವಿಷಯ ತಿಳಿಸಿದರೆ ಒಬ್ಬರ ಉತ್ತರ: 'ಕಗ್ಗ ಉಪ್ಪು ತಡೆಯುತ್ತದಲ್ಲ, ಎಲ್ಲೋ ಓದಿದ್ದೇನೆ.' ತಡೆಯುತ್ತದೆ ಸ್ವಾಮೀ, ಬಂದು ಹೋಗುವ ಉಪ್ಪನ್ನು. ಹಾಲು ಕಟ್ಟುವಾಗ ಬುಡದಲ್ಲೇ ಠಿಕಾಣಿ ಹೂಡಿದ ಉಪ್ಪನ್ನಲ್ಲ.

ಅಕ್ಕ ಬಂದವಳು ಸೀದಾ ಗದ್ದೆಗೆ ಇಳಿದಳು. ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ಊದಿದಳು. ಕೈಯಲ್ಲಿ ಏನೂ ಉಳಿಯಲಿಲ್ಲ, ಬರೀ ಜೊಳ್ಳು.

"ಉಂಬೂಕೆ ಅಕ್ಕಿ ಅಂಗಡೀಲಿ ಸಿಕ್ತದೆ. ಬೀಜ ಎಲ್ಲಿಂದ ತರೂದೋ, ತಮಾ?" ಅಂದಳು.



ಅದೇ ಸಂಜೆ ಗುಂಪಿನಲ್ಲಿ ಹೊಸ ಸುಳಿವು ಬಂತು: 'ಕಪ್ಪು ಮಣ್ಣಿನ ನಡುವೆ ಕೆಂಪು ಮಣ್ಣು ಎಲ್ಲಿದೆ? ಹುಡುಕಿ!' ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಡೆಗೆ ಕಳಿಸಿದ್ದು ಇಷ್ಟೇ: 'ಬನ್ನಿ. ಬರುವಾಗ ಒಂದು ಮುಡಿ ಕಗ್ಗದ ಬೀಜ ಹುಡುಕಿ ತನ್ನಿ.'

ನಾಲ್ಕಾರು ಜನ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಬೀಜ ಯಾರೂ ತರಲಿಲ್ಲ.