ಮಾವನ ಮುಖದ ದೇವರು

ನಮ್ಮ ಯಜಮಾನರು ಚರ್ಚುಗಳಿಗೆ ಮರದ ವಿಗ್ರಹ ಕೆತ್ತುತ್ತಿದ್ದರು. ಸಂತರಂಥ ಗಿರಾಕಿಗಳಿಲ್ಲ, ಒಬ್ಬರೂ ಬಾಯಿ ಬಿಡುವುದಿಲ್ಲ ಅನ್ನುತ್ತಿದ್ದರು. ಕಸುಬು ಕಲಿಸಿದ್ದು ಅವರ ಅಪ್ಪ. ಕಲಿಸಿದ್ದು ಕೊಡತಿಯ ಏಟಿನಿಂದ. ಒಂಬತ್ತನೇ ವಯಸ್ಸಿನಲ್ಲಿ ಒಂದು ಉಳಿ ಮೊಂಡು ಮಾಡಿದ್ದಕ್ಕೆ ಎಡಗೈಯ ಎರಡು ಬೆರಳು ಮುರಿದರು. ಅವು ಕೊನೆವರೆಗೂ ನೆಟ್ಟಗಾಗಲಿಲ್ಲ. ಮದುವೆಯಾದ ಮೇಲೆ ನಮ್ಮವರು ಅಪ್ಪನ ಹೊಸ್ತಿಲು ತುಳಿಯಲಿಲ್ಲ. ಪ್ರಾರ್ಥನೆಯಲ್ಲಿ ‘ತಂದೆ’ ಅಂತ ಬರುವಲ್ಲಿ ಬಾಯಿ ಮುಚ್ಚುತ್ತಿದ್ದರು. ಪಕ್ಕದಲ್ಲೇ ನಿಲ್ಲುತ್ತಿದ್ದ ನನಗೆ ಗೊತ್ತು.

ಇವರು ನನಗೂ ಹೊಡೆದಿದ್ದಾರೆ, ಎರಡು ಸಲ. ಸತ್ತವರ ಬಗ್ಗೆ ಸುಳ್ಳು ಬರೆಯಬಾರದು. ಎರಡನೇ ಸಲ ತಮ್ಮ ಕೈಯನ್ನೇ ಗೋಡೆಗೆ ಗುದ್ದಿ ರಕ್ತ ಮಾಡಿಕೊಂಡರು. ಆಮೇಲೆ ಕೈ ಎತ್ತಲಿಲ್ಲ.

ಹೋದ ವರ್ಷ ಪಾದ್ರಿಗಳು ಬಲಿಪೀಠದ ಮೇಲಿಡಲು ಪಿತದೇವರ ವಿಗ್ರಹ ಕೇಳಿದರು. ಇವರು ಒಲ್ಲೆ ಅಂದರು. ದೇವರಿಗೆ ಮೈಯಿಲ್ಲ, ಮುಖವಿಲ್ಲ ಅಂದರು ಪಾದ್ರಿಗಳು. ನಮ್ಮ ತಲೆಗೆ ಹೋಗಲಿ ಅಂತ ತಂದೆ ಅನ್ನುತ್ತೇವೆ, ಗಡ್ಡದ ಮುದುಕನನ್ನು ಮಾಡುತ್ತೇವೆ, ಅಷ್ಟೇ ಅಂತ ಪುಸಲಾಯಿಸಿದರು. ಇವರು ಒಪ್ಪಿಕೊಂಡರು.

ಮುಖ ಕೆತ್ತುವುದು ಕೊನೆಗೆ. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮರ ತಡವಿ ಉಳಿ ಇಡುವುದು. ಅದೂ ಅಪ್ಪ ಕಲಿಸಿದ್ದೇ. ಕನ್ಯಾಮಾತೆಯ ವಿಗ್ರಹಗಳಿಗೆಲ್ಲ ನನ್ನ ಗಲ್ಲ ಬರುತ್ತಿತ್ತು. ಈ ಸಲ ಕಣ್ಣು ಬಿಟ್ಟರೆ ಅವರಪ್ಪ, ನನ್ನ ಮಾವ. ಅದೇ ಬಿಗಿದ ತುಟಿ, ಅದೇ ಹುಬ್ಬು, ಈಗ ಏಟು ಬೀಳುತ್ತದೆ ಅನ್ನುವ ನೋಟ.

ಪಾದ್ರಿಗಳಿಗೆ ಬಹಳ ಹಿಡಿಸಿತು. ಎಂಥ ಗಾಂಭೀರ್ಯ ಅಂದರು. ಭಾನುವಾರ ಒಯ್ಯುವುದೆಂದಾಯಿತು.

ಅವರು ಅತ್ತ ಹೋದದ್ದೇ, “ಮಕ್ಕಳು ಇವನ ಮುಂದೆ ಮಂಡಿ ಊರ್ಬೇಕಾ?” ಅಂದು ನಮ್ಮವರು ಬಾಚಿ ಎತ್ತಿದರು. ಮಲಗಿಸಿದ ವಿಗ್ರಹದ ಮೇಲೆ ಕುದುರೆ ಹತ್ತಿದ ಹಾಗೆ ಕೂತಿದ್ದರು. ಉಳಿ ಹಿಡಿದಾಗ ಹಾಗೆ ಕೂರಬಹುದು, ಮೈಕಡೆಗೆ ಬೀಸುವ ಬಾಚಿ ಹಿಡಿದಾಗ ಕೂರಬಾರದು. ಅವರಿಗೆ ಗೊತ್ತಿತ್ತು. ಸಿಟ್ಟಿಗೆ ಗೊತ್ತಿರಲಿಲ್ಲ. ಮೊದಲ ಏಟು ಕೆನ್ನೆ ಸೀಳಿತು. ಎರಡನೆಯದು ಮರದ ಗಂಟಿಗೆ ಬಡಿದು ಜಾರಿ ಅವರ ತೊಡೆಗೆ ಇಳಿಯಿತು. ನಾನು ಬಟ್ಟೆ ಹರಿದು ಬಿಗಿದೆ. ರಕ್ತ ನಿಲ್ಲಲಿಲ್ಲ. ಮರದ ಪುಡಿಯೆಲ್ಲ ಕೆಂಪು ಮುದ್ದೆಯಾಯಿತು. ಆಸ್ಪತ್ರೆಯ ಗಾಡಿ ಬರುವುದರೊಳಗೆ ತೀರಿಹೋದರು.

ಮಣ್ಣು ಮಾಡಿದ ದಿನ ಮಾವ ಬಂದರು, ಪಾದ್ರಿಗಳ ಜೊತೆ ಕೆಲಸದ ಕೋಣೆಗೆ. ವಿಗ್ರಹ ನೋಡಿ ತಮ್ಮ ಕೆನ್ನೆ ಸವರಿಕೊಂಡರು.

“ನನ್ನ ಮಗ ನನ್ನ ಮರೀಲಿಲ್ಲ ನೋಡು.”

ಸೀಳಿಗೆ ಮೇಣ ತುಂಬಿಸಿ, ಬಣ್ಣ ಹಚ್ಚಿಸಿ, ಸತ್ತವರ ನೆನಪಿಗೆ ಇದನ್ನೇ ಪೀಠದ ಮೇಲಿಡೋಣ ಅಂದರು ಪಾದ್ರಿಗಳು.

“ಹೌದು ಮಾವ, ಮರೀಲಿಲ್ಲ,” ಅಂದೆ. “ಆ ಎರಡು ಬೆರಳು ಮರೆಯೋಕೆ ಬಿಡ್ಲಿಲ್ಲ.”

ಬಾಚಿ ಅಲ್ಲೇ ಬಿದ್ದಿತ್ತು. ಹಿಡಿ ಇನ್ನೂ ಅಂಟುತ್ತಿತ್ತು. ನಾನು ಪಕ್ಕಕ್ಕೆ ನಿಂತು ಹೊಡೆದೆ. ಮೂಗು, ಬಾಯಿ, ಹುಬ್ಬು. ಪ್ರತಿ ಏಟಿಗೂ ಮಾವ ಕಣ್ಣು ಮುಚ್ಚುತ್ತಿದ್ದರು. ತಡೆಯಲು ಬಂದ ಪಾದ್ರಿಗಳು ಬಾಚಿ ನೋಡಿ ಹಿಂದೆ ಸರಿದರು. ಕುತ್ತಿಗೆ ತುಂಡಾಗುವವರೆಗೆ ಹೊಡೆದೆ.

“ಪೀಠದ ಮೇಲೆ ಈಗ ಏನಿಡೋಣಮ್ಮ?”

“ಮುಖ ಇಲ್ಲ ಅಂತ ನೀವೇ ಅಂದ್ರಲ್ಲ ಫಾದರ್. ಹಾಗೇ ಬಿಡಿ.”

ತಲೆಯನ್ನು ಒಲೆಗೆ ಹಾಕಿದೆ. ಗಟ್ಟಿ ಮರ, ಬೇಗ ಹೊತ್ತಲಿಲ್ಲ. ಆ ಉರಿಯಲ್ಲೇ ನೀರು ಕಾಯಿಸಿ ನೆಲದ ರಕ್ತ ತೊಳೆದೆ.