ಕ್ರ್ಯಾಂಕ್ ಬದಲಿಸಿದ ನಾಲ್ಕು ತಿಂಗಳು

ಅಪ್ಪ ತೀರಿಹೋದ ಮೇಲೆ ಅವರ ಕಾರು ನಿಪ್ಪಾಣಿಯ ನಮ್ಮ ಅಂಗಳದಲ್ಲಿ ಉಳಿಯಿತು. ದುಂಡು ಬೆನ್ನಿನ ಸಣ್ಣ ವಿಲಾಯತಿ ಕಾರು, ಸಾವಿರ ಸಿ.ಸಿ.ಗೂ ಕಡಿಮೆ ಎಂಜಿನ್ನು. ಓಡಿಸುತ್ತಿದ್ದವನು ನನ್ನ ತಮ್ಮ. ತಂಬಾಕಿನ ವಖಾರಿಯ ಕೆಲಸ ಅವನದು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಎಂಬತ್ತರ ದಶಕದ ಕೊನೆಯ ಮಾತು ಇದು.

ಅವ್ವನ ಕಣ್ಣಿನೊಳಗೆ ಒತ್ತಡ ಏರುವ ರೋಗವಿತ್ತು. ತಿಂಗಳಿಗೊಮ್ಮೆ ಬೆಳಗಾವಿಯ ಡಾಕ್ಟರಿಗೆ ತೋರಿಸಲೇಬೇಕು. ಬಸ್ಸು ಹತ್ತಿದರೆ ಅವ್ವನಿಗೆ ಸಂಕೇಶ್ವರ ಬರುವುದರೊಳಗೇ ವಾಂತಿ. ಹಾಗಾಗಿ ಕಾರೇ ಗತಿ. ಆದರೆ ನಾಲ್ಕು ಮಂದಿ ಕೂತರೆ ತವಂದಿ ಘಾಟಿನ ಅರ್ಧಕ್ಕೇ ಅದಕ್ಕೆ ಉಸಿರು ಹತ್ತುತ್ತಿತ್ತು. ನಾನೂ, ಅವ್ವನ ಜೊತೆಗೆ ಬರುತ್ತಿದ್ದ ಚಿಕ್ಕಮ್ಮನೂ ಇಳಿದು ನಡೆಯುತ್ತಿದ್ದೆವು. ಒಮ್ಮೆ ಕಬ್ಬು ಹೇರಿದ ಟ್ರ್ಯಾಕ್ಟರು ನಮ್ಮನ್ನು ಹಿಂದೆ ಹಾಕಿ ಹೋಯಿತು. ಮೇಲೆ ಕೂತಿದ್ದವರು ನಕ್ಕರು. ತಮ್ಮನ ಮುಖ ಕೆಂಪಗಾಯಿತು.

ಮರುದಿನವೇ ಅವನು ಮಿಸ್ತ್ರಿಯನ್ನು ಕರೆತಂದ. ಉಗಾರದ ಕಡೆ ಬಹಳ ವರ್ಷ ಕೆಲಸ ಮಾಡಿ ನಿಪ್ಪಾಣಿಗೆ ಬಂದು ಗ್ಯಾರೇಜು ಹಾಕಿದ್ದ ಹಿರಿಯ. ಕೈ ಒಳ್ಳೆಯದು, ಕಿವಿ ಮಾತ್ರ ಯಾರಿಗೂ ಕೊಡುವುದಿಲ್ಲ.

"ಇದ ಗಾಡಿದು ಮುಂದಿನ ಮಾಡೆಲ್ ಬಂದಿತ್ತರಿ," ಅಂದ. "ಎಂಜಿನ್ ಅದ ಜಾತೀದ, ಆದರ ಕ್ರ್ಯಾಂಕ್ ದೊಡ್ಡದು. ಆ ಕ್ರ್ಯಾಂಕ್ ಇದಕ್ಕ ಕುಂಡರಸಿದರ ಪಿಸ್ಟನ್ ಇನ್ನಷ್ಟು ಉದ್ದ ಓಡತೈತಿ, ಸಿ.ಸಿ. ಏರತೈತಿ. ಘಾಟು ಹೂ ಎತ್ತಿದಂಗ ಏರತೈತಿ."

ತಮ್ಮ ಕೊಲ್ಲಾಪುರದ ಗುಜರಿಯಲ್ಲಿ ಎರಡು ವಾರ ಹುಡುಕಿ ಅಂಥದೊಂದು ಕ್ರ್ಯಾಂಕ್ ತಂದ. ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಓಡಿಸುವ ಸೊಟ್ಟ ಕಬ್ಬಿಣದ ದಂಡ ಅದು. ಗೋಣಿಚೀಲ ಬಿಚ್ಚಿ ಕೂಸಿನಂತೆ ತೋರಿಸಿದ.

ಅಷ್ಟರಲ್ಲಿ ನಮ್ಮ ಎಂಜಿನ್ನು ಬಿಚ್ಚಿಯಾಗಿತ್ತು. ಹಳೆಯ ಕ್ರ್ಯಾಂಕ್ ಅಲ್ಲೇ ಬಿದ್ದಿತ್ತು. ನಾನು ಸುಮ್ಮನೆ ಎರಡನ್ನೂ ಇಟ್ಟಂಗಿಯ ಮೇಲಿಟ್ಟು, ತಿರುಗಿಸಿ, ಪಿಸ್ಟನ್ನಿನ ರಾಡು ಕೂರುವ ಜಾಗ ಮೇಲೆ ಬಂದಾಗ ಎಷ್ಟು ಎತ್ತರ, ಕೆಳಗೆ ಹೋದಾಗ ಎಷ್ಟು ಎಂದು ಸ್ಕೇಲಿನಿಂದ ಅಳೆದೆ. ಹಳೆಯದು ಎಪ್ಪತ್ತಾರು ಮಿಲಿಮೀಟರ್ ಓಡಿಸುತ್ತಿತ್ತು; ಹೊಸದು ಹತ್ತಿರ ಹತ್ತಿರ ಎಂಬತ್ನಾಲ್ಕು. ಹೆಚ್ಚಾದದ್ದರಲ್ಲಿ ಅರ್ಧ ಕೆಳಗೆ, ಅರ್ಧ ಮೇಲೆ. ಅಂದರೆ ಪಿಸ್ಟನ್ನು ಮೊದಲಿಗಿಂತ ಸುಮಾರು ನಾಲ್ಕು ಮಿಲಿಮೀಟರ್ ಮೇಲೆ ಬರುತ್ತದೆ. ಮೊದಲೇ ಅದು ಎಂಜಿನ್ ಬ್ಲಾಕಿನ ಮೇಲಂಚಿಗೆ ಸಮ ಬರುತ್ತಿತ್ತು. ಅದರ ಮೇಲೆ ಮುಚ್ಚಳದಂತೆ ಹೆಡ್ಡು. ಇನ್ನು ಜಾಗ ಎಲ್ಲಿ?

"ಮಿಸ್ತ್ರಿಗೋಳ, ಪಿಸ್ಟನ್ ಹೋಗಿ ಹೆಡ್ಡಿಗೆ ಬಡೀತೈತಿ ನೋಡ್ರಿ," ಅಂದೆ.

"ನಾಲ್ಕ ಎಂ.ಎಂ. ಅಂದ್ರ ಏನ್ರಿ ಅಕ್ಕಾರ? ಗ್ಯಾಸ್ಕೆಟ್ ಹಾಳಿ ಐತಲ್ಲ ನಡುವ."

"ಗ್ಯಾಸ್ಕೆಟ್ ಒಂದ ಎಂ.ಎಂ. ಐತ್ರಿ."

ತಮ್ಮ ನಡುವೆ ಬಾಯಿ ಹಾಕಿದ. "ಅಕ್ಕಾ, ನಿನ್ನ ಹಲಗಿ ಮ್ಯಾಲಿನ ಲೆಕ್ಕ ಬ್ಯಾರೆ, ಎಂಜಿನ್ ಬ್ಯಾರೆ. ಅವರು ಮೂವತ್ತು ವರ್ಷ ಇದನ್ನ ಮಾಡ್ಯಾರ."

ಎಂಜಿನ್ನು ಜೋಡಿಸಲು ಮೂರು ವಾರ ಹಿಡಿಯಿತು. ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೆ 'ಟಕ್' ಅಂತ ನಿಂತಿತು. ಇನ್ನೂ ಜೋರು ಮಾಡಿದರು. ಮತ್ತೆ ಟಕ್. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಮಿಸ್ತ್ರಿ ಸೋಲಲಿಲ್ಲ. ಮತ್ತೆ ಬಿಚ್ಚಿದ. ಪಿಸ್ಟನ್ನಿನ ತಲೆ ಉಜ್ಜಿದ, ಮೂರು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕಿದ. ಆಗ ರಾಡು ಬ್ಲಾಕಿನ ಕೆಳ ಅಂಚಿಗೆ ತಾಗಿತು, ಅಲ್ಲಿಯೂ ಉಜ್ಜಿದ. ಈ ನಡುವೆ ಅವ್ವನನ್ನು ಡಾಕ್ಟರಿಗೆ ತೋರಿಸುವ ಎರಡು ತಾರೀಖು ತಪ್ಪಿದ್ದವು. "ಬಸ್ಸಿಗೆ ಹೋಗೂಣು ನಡಿ," ಅಂದರೆ ಅವ್ವ, "ಹನಿ ಹಾಕ್ಕೋತೀನಲ್ಲ, ಗಾಡಿ ಆಗಲಿ. ಅವಂಗ ಬ್ಯಾಸರಾಕ್ಕೈತಿ," ಅನ್ನುತ್ತಿದ್ದಳು. ನಾನೂ ಹಟ ಹಿಡಿಯಲಿಲ್ಲ. ಇವತ್ತು ಆದೀತು, ನಾಳೆ ಆದೀತು ಎಂದು ನಾನೂ ಕಾದೆ. ಒಳಗೊಳಗೆ ಅವರ ಲೆಕ್ಕ ತಪ್ಪುವುದನ್ನೇ ಕಾಯುತ್ತಿದ್ದೆನೋ ಏನೋ.

ಎಂಜಿನ್ನು ಚಾಲೂ ಆಯಿತು. ತಮ್ಮ ಓಣಿಗೆಲ್ಲ ಪೇಢೆ ಹಂಚಿದ. ನಾಲ್ಕನೆಯ ದಿನ ಚಿಕ್ಕೋಡಿ ರಸ್ತೆಯಲ್ಲಿ ಗ್ಯಾಸ್ಕೆಟ್ ಹಾರಿ, ನೀರು ಎಣ್ಣೆಯಲ್ಲಿ ಸೇರಿ, ಎಂಜಿನ್ನಿನೊಳಗೆ ಹಾಲಿನ ಚಹಾದಂಥ ರಾಡಿಯಾಯಿತು. ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆತಂದರು. ತಮ್ಮ ನಾನು ಬಡಿಸಿದ ತಾಟು ಸರಿಸಿ ಎದ್ದ, ನಾನೇ ಶಾಪ ಹಾಕಿದವಳಂತೆ.

ಆಮೇಲೆ ಕಾರು ವಖಾರಿಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಬಿತ್ತು. ದಿನಾ ಶಾಲೆಗೆ ಹೋಗುವಾಗ ನೋಡಿ ನೋಡಿ ನನಗೆ ತಲೆ ಕೆಟ್ಟಿತು. ಒಂದು ರವಿವಾರ ಒಬ್ಬಳೇ ಕೊಲ್ಲಾಪುರಕ್ಕೆ ಹೋದೆ. ಎಂಜಿನ್ನಿನ ತೂತು ಕೊರೆಯುವ ಲೇಥ್ ಅಂಗಡಿಯೊಂದರಲ್ಲಿ ಮುದುಕನೊಬ್ಬನ ಮುಂದೆ, ಎರಡೂ ಕ್ರ್ಯಾಂಕಿನ ಅಳತೆ, ಚಿತ್ರ ಬರೆದಿಟ್ಟಿದ್ದ ನನ್ನ ನೋಟ್‌ಬುಕ್ಕು ಬಿಚ್ಚಿದೆ. ಅವನು ಕನ್ನಡಕ ಏರಿಸಿ ಚಿತ್ರ ನೋಡಿದ. ಮರಾಠಿಯಲ್ಲಿ, "ಲೆಕ್ಕ ಬರೋಬರ ಐತಿ. ಕ್ರ್ಯಾಂಕ್ ತಂದವರು ಅದರ ಪಿಸ್ಟನ್ ಯಾಕ ಬಿಟ್ಟು ಬಂದ್ರು?" ಎಂದು ಕೇಳಿದ. ದೊಡ್ಡ ಎಂಜಿನ್ನಿನ ಪಿಸ್ಟನ್ನಿನಲ್ಲಿ ರಾಡು ಸೇರುವ ಪಿನ್ನೇ ಮೇಲಕ್ಕಿರುತ್ತದೆ, ಹಾಗಾಗಿ ತಲೆ ಹೆಡ್ಡಿಗೆ ತಾಗುವುದಿಲ್ಲ. ಆದರೆ ಅದು ಸ್ವಲ್ಪ ದಪ್ಪ, ಬ್ಲಾಕಿನಲ್ಲಿ ಅದು ಓಡುವ ತೂತು ಅಗಲ ಮಾಡಬೇಕು. ಇಷ್ಟೇ. ಐದು ನಿಮಿಷದ ಮಾತು. ನನಗೆ ಅಳು ಬಂದಂತಾಯಿತು.

ನಾನು ಹೇಳಿದ ಮೇಲೆ ತಮ್ಮ ಗುಜರಿಯಿಂದ ಆ ಪಿಸ್ಟನ್ನುಗಳನ್ನು ತಂದ; ಬ್ಲಾಕು ಕೊಲ್ಲಾಪುರಕ್ಕೆ ಹೋಗಿ ಬಂತು. ಈ ಸಲ ಮಿಸ್ತ್ರಿ ಜೋಡಿಸಿ ಕೈಯಿಂದ ತಿರುಗಿಸಿದರೆ ಎಣ್ಣೆ ಹಚ್ಚಿದ ರಾಟೆಯಂತೆ ತಿರುಗಿತು. ಅವನು ಕೈ ಒರೆಸಿಕೊಂಡು ತಮ್ಮನಿಗೆ ಹೇಳಿದ: "ನಾ ಮೊದಲ ಹೇಳಿದ್ದೆ ನೋಡ್ರಿ, ಕ್ರ್ಯಾಂಕ್ ಕುಂಡರತೈತಿ ಅಂತ." ತಮ್ಮ, "ಹೌದ್ರಿ, ಹೌದು," ಅಂದ. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಕಾರು ಘಾಟು ಏರಿತು. ಯಾರೂ ಇಳಿಯಲಿಲ್ಲ. ತಮ್ಮ ಹಾದಿಯುದ್ದಕ್ಕೂ ಸೀಟಿ ಹೊಡೆದ.

ಬೆಳಗಾವಿಯಲ್ಲಿ ಡಾಕ್ಟರು ಅವ್ವನ ಎಡಗಣ್ಣನ್ನು ಬಹಳ ಹೊತ್ತು ನೋಡಿದರು. ಬದಿಯ ನೋಟ ಹೋಗಿತ್ತು. ಅದು ತಿರುಗಿ ಬರುವಂಥದ್ದಲ್ಲ.

"ನಾಲ್ಕು ತಿಂಗಳು ಯಾಕ ಬರಲಿಲ್ಲ?" ಎಂದು ಕೇಳಿದರು.

ತಮ್ಮ ನೆಲ ನೋಡಿದ. ವಾಂತಿಗೆ ಒಂದು ಪ್ಲಾಸ್ಟಿಕ್ ಪಿಶವಿ ಹಿಡಿದುಕೊಂಡು ಅವ್ವನನ್ನು ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯಬಹುದಿತ್ತು. ಎರಡು ತಾಸಿನ ಹಾದಿ. ಆ ಲೆಕ್ಕ ನನಗೆ ಹೊಳೆದಿರಲಿಲ್ಲ ಅಂತಲ್ಲ.

ಅವ್ವನೇ ಹೇಳಿದಳು: "ಗಾಡಿ ರಿಪೇರಿಗೆ ಹೋಗಿತ್ರಿ ಡಾಕ್ಟರ್. ಹುಡುಗರು ಭಾಳ ಕಷ್ಟಪಟ್ಟಾರ."

ಬರುವಾಗ ತಮ್ಮ ಸೀಟಿ ಹೊಡೆಯಲಿಲ್ಲ. ಮುಂದಿನ ತಿಂಗಳ ತಾರೀಖನ್ನು ನಾನು ನನ್ನ ಹಾಜರಿ ಪುಸ್ತಕದ ರಟ್ಟಿನೊಳಗೆ ಬರೆದುಕೊಂಡೆ, ಬಸ್ಸಿನ ವೇಳೆಯನ್ನೂ ಬರೆದುಕೊಂಡೆ.