ಹಡ್ಸನ್ ಗಾಡಿಯ ಬಲಗಡೆಯ ಸೀಟು

ಅಂತೋನಿಯವರ ಪರಿಚಯವಾದ ದಿನ ಕಾಂಚನಮ್ಮ ಚಪ್ಪಲಿ ಕಳೆದುಕೊಂಡರು. ಕಳೆದುಕೊಂಡರು ಅನ್ನುವುದಕ್ಕಿಂತ ತಾವೇ ಬಿಟ್ಟು ಹೋದರು ಅನ್ನುವುದು ಸರಿ.

ಗಂಡ ತೀರಿಕೊಂಡ ಮೇಲೆ ಆಕೆ ತುಮಕೂರಿನಿಂದ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಮಗಳ ಮನೆಗೆ ಬಂದು ಒಂದು ಚಳಿಗಾಲ ಕಳೆದಿತ್ತು. ಮಗಳು ಲಾವಣ್ಯಾ, ಅಳಿಯ ಇಬ್ಬರೂ ಮಗುವನ್ನು ಡಾಗಿಸ್ ಎಂಬ ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೋದರೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ. 2003ರ ಮೇ ತಿಂಗಳಲ್ಲಿ ಬಿಸಿಲು ಬಂತೆಂದು ಆಕೆ ಕೆಳಗಿಳಿದು ಗ್ಯಾರೇಜುಗಳ ಸಾಲಿನ ಮುಂದೆ ಅಡ್ಡಾಡುತ್ತಿದ್ದರು. ಒಂದು ಗ್ಯಾರೇಜಿನಿಂದ ಕಡುಹಸಿರು ಬಣ್ಣದ, ನೆಲಕ್ಕಂಟಿದ ಹಾಗಿದ್ದ ಉದ್ದನೆಯ ಹಳೇ ಕಾರು ಮೂತಿ ಹೊರಗಿಟ್ಟಿತ್ತು. ಅದನ್ನು ಒರೆಸುತ್ತಿದ್ದ ಮುದುಕರು ಆಕೆಯ ಸೀರೆ ನೋಡಿ ಕೈ ನಿಲ್ಲಿಸಿದರು.

"ಊರು ಎಲ್ಲಿ ಆಯ್ತು ನಿಮ್ದು?"

ಕನ್ನಡ! ತುಮಕೂರು ಅನ್ನುವ ಮೊದಲೇ ಕಾಂಚನಮ್ಮ ಎರಡು ಹೆಜ್ಜೆ ಹತ್ತಿರ ಬಂದಿದ್ದರು.

ಅವರು ಬಾರ್ಕೂರಿನ ಅಂತೋನಿ. ಹಡಗಿನಲ್ಲಿ ಫಿಟ್ಟರ್ ಆಗಿ ಬಂದು, ಇಲ್ಲಿನ ಕಾರ್ಖಾನೆ ಸೇರಿ, ನಿವೃತ್ತರಾದವರು. ಹೆಂಡತಿ ಲಿಲ್ಲಿಯನ್ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

"ಇದು ಹಡ್ಸನ್ ಅಂತ, ಅಮೆರಿಕದ್ದು. ಮಾಡಿದ ಕಂಪೆನಿಯೇ ಈಗ ಇಲ್ಲ. ಒಂದು ಹಿಡಿ ಮುರಿದ್ರೆ ಕೇಳ್ಲಿಕ್ಕೆ ಜನ ಇಲ್ಲ ಮಾರಾಯ್ರೆ."

"ನಮ್ಮ ಹಾಗೇ ಅನ್ನಿ," ಎಂದರು ಕಾಂಚನಮ್ಮ.

ಅಂತೋನಿ ನಕ್ಕು ಬಲಗಡೆಯ ಬಾಗಿಲು ತೆಗೆದರು. ಇಲ್ಲಿ ಸ್ಟಿಯರಿಂಗ್ ಇರುವುದು ಎಡಗಡೆ. ಬೇರೆ ಕಾರಿಗೆ ಹತ್ತಬೇಕು, ಈ ಹಡ್ಸನ್ನಿಗೆ ಇಳಿಯಬೇಕು. ಬಾಗಿಲ ಪಟ್ಟಿಗಿಂತ ಒಳಗಿನ ನೆಲ ತಗ್ಗು. ಹೊಸಿಲು ದಾಟಿ ಮನೆಯೊಳಗೆ ಕಾಲಿಟ್ಟಂತೆ. ಅದಕ್ಕೇ ಇರಬೇಕು, ಆಕೆಯ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಅದು ಗೊತ್ತಾದದ್ದು ಒಂದು ಸುತ್ತು ಹೋಗಿ ಊರಾಚೆಯ ಸರೋವರದ ದಡದಲ್ಲಿ ಇಳಿಯುವಾಗ.

"ಎಂತ ಕಾಂಚನಮ್ಮ, ಇದು ಗಾಡಿಯಾ, ದೇವಸ್ಥಾನವಾ?"

ತಿರುಗಿ ಬಂದಾಗ ಚಪ್ಪಲಿ ಎರಡೂ ಗ್ಯಾರೇಜಿನ ಮುಂದೆ ಕಾಯುತ್ತಿದ್ದವು.

ಆಮೇಲೆ ಪ್ರತಿ ಭಾನುವಾರ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ, ಹಡ್ಸನ್ನಿನಲ್ಲಿ ಒಂದು ಸುತ್ತು. ಬಲದಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ಇಲ್ಲಿನ ಗಲ್ಲಿಗಳ ಕಾನೂನು. ಪ್ರತಿ ಕೂಡುರಸ್ತೆಯಲ್ಲೂ ಅಂತೋನಿ ನಿಧಾನ ಮಾಡಿ ಕೇಳುವರು:

"ಬಲಗಡೆ ಯಾರಾದ್ರೂ ಉಂಟಾ?"

ಕಾಂಚನಮ್ಮ ಕಿಟಕಿಗೆ ಹಣೆ ತಾಗಿಸಿ, ಚೆನ್ನಾಗಿ ನೋಡಿಯೇ ಹೇಳುವರು: "ಇಲ್ಲ." ಇಲ್ಲವೇ, "ಇರಿ, ಒಂದು ಕೆಂಪು ವ್ಯಾನು." ಆಕೆಯ ಮಾತು ಕೇಳಿ ಗಾಡಿ ತಿರುಗಿಸಿದವರು ಇಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ. ವಾರವಿಡೀ ಆಕೆ ಭಾನುವಾರಕ್ಕೆ ಕಾಯುತ್ತಿದ್ದರು.

ಆಗಸ್ಟಿನಲ್ಲಿ ಒಮ್ಮೆ ಫ್ಲಾಸ್ಕಿನ ಮುಚ್ಚಳ ಸಿಕ್ಕಿಕೊಂಡು ಉತ್ತರ ತಡವಾಯಿತು. ಗಾಡಿ ಮುಂದೆ ಹೋಗಿಬಿಟ್ಟಿತು. ಬಲದಿಂದ ಬಂದ ಸೈಕಲ್ಲಿನ ಹುಡುಗಿ ಬ್ರೇಕು ಹಾಕಿ, ಜಾರಿ, ಎದ್ದು, ಬಾನೆಟ್ಟಿಗೆ ಗುದ್ದಿ ಸ್ವೀಡಿಷಿನಲ್ಲಿ ಬೈದು ಹೋದಳು.

ಕಾಂಚನಮ್ಮ ಡಬ್ಬಿ ತೆಗೆದರು. ಒಂದು ಕೋಡುಬಳೆಯನ್ನು ಅಂತೋನಿಯವರ ಬಲಕೆನ್ನೆಯ ಪಕ್ಕ ಹಿಡಿದರು. ಅವರು ತಿರುಗಲಿಲ್ಲ. ಆಕೆ ಕೈ ಇಳಿಸಿದರು.

"ಆ ಕಣ್ಣು ಕಾಣಿಸಲ್ವಾ?"

"ಎಂತದೂ ಇಲ್ಲ. ಎಡಗಣ್ಣಿಗೂ ಮಂಜು ಶುರುವಾಗಿದೆ. ಡಾಕ್ಟ್ರಿಗೆ ಹೇಳಿದ್ರೆ ಲೈಸೆನ್ಸ್ ಕಿತ್ಕೊಳ್ತಾರೆ."

"ಅಂದ್ರೆ ನನ್ನ ಕರ್ಕೊಂಡು ಬರ್ತಿದ್ದಿದ್ದು ಕಣ್ಣಿಗಾ?"

ಅಂತೋನಿ ಸ್ಟಿಯರಿಂಗ್ ಒರೆಸುತ್ತ ಕೂತರು. ಅದರ ಮೇಲೆ ಧೂಳೇನೂ ಇರಲಿಲ್ಲ.

ಮನೆಯ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ಕಾಂಚನಮ್ಮ ಹೇಳಿದರು: "ಆ ಮಗೂಗೆ ಏನಾದ್ರೂ ಆಗಿದ್ರೆ? ಇನ್ನು ನಾನು ಬರಲ್ಲ. ನೀವೂ ಹೋಗ್ಬೇಡಿ."

ಕೋಪ ಬೇಗ ಇಳಿಯಿತು. ಇಳಿಯದೆ ಉಳಿದದ್ದು 'ಕಣ್ಣಿಗಾ' ಅಂದದ್ದಕ್ಕೆ ಅವರು ಉತ್ತರ ಕೊಡದೆ ಹೋದದ್ದು. ಭಾನುವಾರಗಳಲ್ಲಿ ಆಕೆ ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನ ಬಾಗಿಲು ನೋಡುವರು. ಅದು ತೆರೆಯಲಿಲ್ಲ. ಎಲೆ ಉದುರಿತು, ಹಿಮ ಬಿತ್ತು, ಬಾಗಿಲ ಮುಂದಿನ ಹಿಮದ ಮೇಲೆ ಚಕ್ರದ ಗೆರೆ ಒಂದೂ ಮೂಡಲಿಲ್ಲ. "ಯಾಕಮ್ಮ, ಆ ಅಂಕಲ್ ಜೊತೆ ಜಗಳನಾ?" ಎಂದು ಲಾವಣ್ಯಾ ಕೇಳಿದರೆ, "ಚಳಿ ಕಣೇ," ಅನ್ನುವರು.

ಜನವರಿಯಲ್ಲಿ ಒಂದು ಬೆಳಿಗ್ಗೆ ಅಂತೋನಿಯವರೇ ಬಂದು ಬೆಲ್ ಒತ್ತಿದರು. ಕೈಯಲ್ಲಿ ಕೋಲಿತ್ತು.

"ಒಮ್ಮೆ ಕೆಳಗೆ ಬನ್ನಿ ಕಾಂಚನಮ್ಮ."

ಆಕೆ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಇಳಿದರು. ಗ್ಯಾರೇಜಿನಲ್ಲಿ ಹಡ್ಸನ್ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಚಕ್ರ ನಾಲ್ಕೂ ಗೋಡೆಗೆ ಒರಗಿದ್ದವು, ಬ್ಯಾಟರಿ ಮೂಲೆಯಲ್ಲಿತ್ತು.

"ಲೈಸೆನ್ಸ್ ನಾನೇ ಕೊಟ್ಟು ಬಂದೆ. ಮಾಲ್ಮೋದಲ್ಲಿ ಒಬ್ರಿಗೆ ಹಳೇ ಹಡ್ಸನ್ ಹುಚ್ಚು. ಹಿಮ ಕರಗಿದ ಮೇಲೆ ತಗೊಂಡು ಹೋಗ್ತಾರೆ."

ಮಾಲ್ಮೋದವರು ಬಂದು ಒಯ್ದದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅಂತೋನಿ ಇರಲಿಲ್ಲ. ಬಂದು ಬೆಲ್ ಒತ್ತಿದ ಆ ದಿನವೇ ರಾತ್ರಿ ಮಲಗಿದವರು ಮತ್ತೆ ಏಳಲಿಲ್ಲ. ಆದರೆ ಗ್ಯಾರೇಜಿನಲ್ಲಿ ನಿಂತ ಆ ಗಳಿಗೆಯಲ್ಲಿ ಅದು ಯಾರಿಗೆ ಗೊತ್ತಿತ್ತು? ಅಂತೋನಿ ತಡವುತ್ತ ಹೋಗಿ ಬಲಗಡೆಯ ಬಾಗಿಲು ತೆಗೆದರು. ಕಾಂಚನಮ್ಮ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಒಳಗಿಳಿದರು. ಅಂತೋನಿ ಎಡಗಡೆ ಕೂತರು. ಲೋಟದ ಕಾಫಿ ತಣ್ಣಗಾಗುವವರೆಗೂ ಇಬ್ಬರೂ ಎದುರಿನ ಹಿಮ ನೋಡಿದರು. ಅಂತೋನಿಯವರಿಗೆ ಎಷ್ಟು ಕಂಡಿತೋ.

ಆಕೆ ಹೊರಡಲು ಎದ್ದಾಗ ಅಂತೋನಿ ಮುಖ ಪೂರ್ತಿ ಬಲಕ್ಕೆ ತಿರುಗಿಸಿ ಕೇಳಿದರು:

"ಇನ್ನು ಇದು ಓಡುದಿಲ್ಲ. ನೋಡಿ ಹೇಳ್ಲಿಕ್ಕೆ ಎಂತದೂ ಇಲ್ಲ. ಆದ್ರೂ ನಾಳೆ ಬಂದು ಕೂತ್ಕೊಳ್ತೀರಾ?"